ಒಡೆದ ಮಣಿಗಳ ಲೆಕ್ಕ

ಹೋದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ಬಿ.ಎ. ತರಗತಿಯಲ್ಲಿ ತತ್ಸಮ-ತದ್ಭವಗಳ ಪಾಠ ನಡೆದಿತ್ತು. ಸಂಸ್ಕೃತದ ‘ಕಾಚ’ವು ಕನ್ನಡದಲ್ಲಿ ‘ಗಾಜು’ ಆದ ಬಗೆಯನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಅಷ್ಟಕ್ಕೇ ನಿಲ್ಲಿಸದೆ, ನಮ್ಮ ಹಿಂದಿನವರು ಗಾಜನ್ನು ಯಾವಾಗಲೂ ರತ್ನದ ಎದುರಿಗೆ ಇಟ್ಟು ಹೀಗಳೆದುದನ್ನೂ, ಅರಿಯದವನು ಗಾಜನ್ನು ಮಣಿಯೆಂದು ಬಗೆದು ಮೋಸಹೋದನೆಂಬ ದೃಷ್ಟಾಂತವು ನೀತಿಯ ಮಾತುಗಳಲ್ಲಿ ಪದೇ ಪದೇ ಬರುವುದನ್ನೂ ವಿವರಿಸುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದ ಮಾತು. ನನ್ನ ನೆರವಿಲ್ಲದೆಯೇ ನಾಲಗೆ ಅದನ್ನು ಹೇಳಿ ಮುಗಿಸಬಲ್ಲದು. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮಕ್ಕನ ಮಗುವಿನ ಕೈಗೆ ದೃಷ್ಟಿಮಣಿ ಕಟ್ಟಿದ್ದೇವೆ. ಅದೂ ಗಾಜೇ ತಾನೆ? ಅದಕ್ಕೆ ತೂತು ಹೇಗೆ ಮಾಡುತ್ತಾರೆ? ಕೊರೆದರೆ ಒಡೆಯುವುದಿಲ್ಲವೆ?” ಎಂದು ಕೇಳಿದಳು. “ಅದು ಕೆಮಿಸ್ಟ್ರಿಯವರನ್ನು ಕೇಳಬೇಕಾದ ಪ್ರಶ್ನೆಯಮ್ಮ” ಎಂದೆ. ತರಗತಿ ನಕ್ಕಿತು. ಹುಡುಗಿ ಕುಳಿತಳು. ಗಂಟೆ ಬಾರಿಸಿತು.

ತರಗತಿ ನಕ್ಕುದು ನನ್ನ ಚಾತುರ್ಯಕ್ಕೆಂದು ಆ ಹೊತ್ತಿಗೆ ಅನಿಸಿತ್ತು. ಮನೆಗೆ ನಡೆದು ಬರುವಾಗ ಹಾಗೆ ಅನಿಸಲಿಲ್ಲ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ತನ್ನ ವ್ಯಾಕರಣಕ್ಕೆ ಹೆಸರಿಡುವಾಗ ಅವನಿಗೆ ಮಣಿಯೂ ಬೇಕಾಯಿತು, ದರ್ಪಣವೂ ಬೇಕಾಯಿತು. ಆ ‘ಶಬ್ದಮಣಿದರ್ಪಣ’ವನ್ನು ಕಲಿಸುವುದರಿಂದಲೇ ನನ್ನ ಅನ್ನ ಹುಟ್ಟುತ್ತದೆ. ಆದರೂ ಒಂದು ಮಣಿಗೆ ತೂತು ಹೇಗೆ ಬರುತ್ತದೆಂಬುದು ನನಗೆ ತಿಳಿಯದು; ತಿಳಿಯದು ಎಂದು ಒಪ್ಪಿಕೊಳ್ಳುವುದಕ್ಕೂ ಬಾರದು. ಎರಡನೆಯದೇ ದೊಡ್ಡ ಕೊರತೆ.

ಬೆಂಗಳೂರಿನಲ್ಲಿ ನನ್ನ ಅಕ್ಕನ ಮಗಳಿದ್ದಾಳೆ. ವಾರದ ಐದು ದಿನ ಕಚೇರಿಯಲ್ಲಿ ದುಡಿಯುವ ಈ ಹುಡುಗಿ ಶನಿವಾರ ಭಾನುವಾರಗಳಂದು ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕುಳಿತು ಗಾಜಿನ ಮಣಿ ಮಾಡುತ್ತಾಳೆಂಬುದು ನನಗೆ ಗೊತ್ತಿತ್ತು. “ಮದುವೆಗೆ ಬಂದ ಹುಡುಗಿ ಬೆಂಕಿಯ ಮುಂದೆ ಕೂತಿರುತ್ತಾಳೆ, ನೀನಾದರೂ ಹೇಳೋ” ಎಂದು ಅಕ್ಕ ನನ್ನೊಡನೆ ದೂರಿಕೊಂಡದ್ದೂ ಉಂಟು. ಹೊಟ್ಟೆ ತುಂಬಿದವರ ಹವ್ಯಾಸವೆಂದು ನಾನೂ ಅದನ್ನು ಮನಸ್ಸಿನಲ್ಲೇ ಒಂದು ಕಡೆ ಎತ್ತಿಟ್ಟಿದ್ದೆ. ಆ ತಿಂಗಳ ಕೊನೆಯ ಭಾನುವಾರ, ನೆಂಟಸ್ತಿಕೆಯ ನೆಪ ಮಾಡಿಕೊಂಡು, ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ.

ಕೋಣೆಯಲ್ಲಿ ಒಂದು ಮೇಜು. ಮೇಜಿನ ಅಂಚಿಗೆ ಬಿಗಿದ ಒಂದು ಬರ್ನರು. ಅದಕ್ಕೆ ಎರಡು ಕೊಳವೆ. ಒಂದರಲ್ಲಿ ಅಡಿಗೆಯ ಅನಿಲ ಬರುತ್ತದೆ, ಇನ್ನೊಂದರಲ್ಲಿ ಆಮ್ಲಜನಕ. ಈ ಆಮ್ಲಜನಕವನ್ನು ಒದಗಿಸುವ ಯಂತ್ರವು ೨೦೨೧ರ ಕೋವಿಡ್ ಕಾಲದಲ್ಲಿ ನಮ್ಮ ಭಾವನವರಿಗಾಗಿ ಕೊಂಡು ತಂದದ್ದು. ಅವರು ಗುಣವಾದ ಮೇಲೆ ಮೂಲೆ ಸೇರಿದ್ದ ಅದನ್ನು ಮಗಳು ಈ ಕೆಲಸಕ್ಕೆ ಹೂಡಿದ್ದಳು. ಹಿಂದೆ ಈ ಅನುಕೂಲಗಳಿರಲಿಲ್ಲ. ಎಣ್ಣೆಯ ದೀಪವೊಂದನ್ನು ಹೊತ್ತಿಸಿ, ಕಾಲಿನಿಂದ ತಿದಿಯೊತ್ತಿ, ದೀಪದ ಕುಡಿಗೆ ಅಡ್ಡಲಾಗಿ ಗಾಳಿಯೂದಿ, ಆ ಚೂಪಾದ ಉರಿಯಲ್ಲಿ ಗಾಜನ್ನು ಕರಗಿಸುತ್ತಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ ಇಂದಿಗೂ ‘ಲ್ಯಾಂಪ್‌ವರ್ಕ್’ ಎಂದೇ ಹೆಸರು. ದೀಪ ಹೋಗಿದೆ, ಹೆಸರು ಉಳಿದಿದೆ. ಭಾಷೆಯ ಮೇಷ್ಟ್ರಿಗೆ ಇಂಥದು ಸಿಕ್ಕಿದರೆ ಹಬ್ಬ.

ಪೆನ್ಸಿಲಿನ ಗಾತ್ರದ ಬಣ್ಣಬಣ್ಣದ ಗಾಜಿನ ಕೋಲುಗಳು ಒಂದು ಕಡೆ. ಹೊಲಿಗೆಯ ಕಡ್ಡಿಗಳಂಥ ಉಕ್ಕಿನ ಕಡ್ಡಿಗಳು ಇನ್ನೊಂದು ಕಡೆ. ಕಡ್ಡಿಯ ತುದಿಯನ್ನು ಜೇಡಿಮಣ್ಣಿನ ತೆಳು ಗಂಜಿಯಲ್ಲಿ ಅದ್ದಿ ಒಣಗಿಸಿರುತ್ತಾರೆ. ಎಡಗೈಯಲ್ಲಿ ಆ ಕಡ್ಡಿ, ಬಲಗೈಯಲ್ಲಿ ಗಾಜಿನ ಕೋಲು. ಕೋಲನ್ನು ಒಮ್ಮೆಗೇ ಉರಿಗೆ ಒಡ್ಡಿದರೆ ಅದು ಪಟಪಟನೆ ಸಿಡಿಯುತ್ತದೆ. ದೂರದಿಂದ ಮೆಲ್ಲಮೆಲ್ಲಗೆ ಒಳಗೆ ತರಬೇಕು. ಗಾಜಿನಲ್ಲಿರುವ ಸೋಡಿಯಂ ಕಾದಾಗ ಕಣ್ಣು ಕೋರೈಸುವ ಹಳದಿ ಬೆಳಕು ಏಳುತ್ತದೆ. ಅದನ್ನು ತಡೆಯುವ ವಿಶೇಷ ಕನ್ನಡಕ ಹಾಕಿಕೊಂಡರೆ ಹಳದಿ ಮಾಯವಾಗಿ ಗಾಜು ಮಾತ್ರ ಕಾಣುತ್ತದೆ. ಹಾಕಿಕೊಂಡಾಗ, ಯಾರೋ ತೆರೆ ಸರಿಸಿದಂತಾಯಿತು. ಕೋಲಿನ ತುದಿ ಕೆಂಪಾಗಿ, ಗುಂಡಗಾಗಿ, ಜೇನಿನಂತೆ ಜೋಲತೊಡಗಿತು. ಆ ಹನಿಯನ್ನು ಅವಳು ಮಣ್ಣು ಬಳಿದ ಕಡ್ಡಿಗೆ ಮುಟ್ಟಿಸಿ, ಕಡ್ಡಿಯನ್ನು ತಿರುಗಿಸಿದಳು. ಗಾಜು ಅದಕ್ಕೆ ಸುತ್ತಿಕೊಂಡಿತು. ಇಷ್ಟೇ. ಮಣಿಯಾರಿದ ಮೇಲೆ ಕಡ್ಡಿಯನ್ನು ಎಳೆದರೆ, ಮಣ್ಣಿನ ಲೇಪವಿದ್ದುದರಿಂದ ಅದು ಬಿಟ್ಟುಬರುತ್ತದೆ. ಕಡ್ಡಿಯಿದ್ದ ಜಾಗವೇ ತೂತು.

“ಮಾವ, ತೂತನ್ನು ಯಾರೂ ಕೊರೆಯುವುದಿಲ್ಲ. ತೂತಿನ ಸುತ್ತ ಮಣಿಯನ್ನು ಕಟ್ಟುತ್ತೇವೆ, ಅಷ್ಟೆ” ಎಂದಳು.

ಇದನ್ನು ಕೇಳಿ ಸಂತೋಷಪಟ್ಟು, ಊಟ ಮಾಡಿ, ರೈಲು ಹತ್ತಬಹುದಾಗಿತ್ತು. ಆದರೆ ಅವಳು ಕುರ್ಚಿ ಬಿಟ್ಟೆದ್ದು “ನೀವೂ ಒಂದು ಮಾಡಿ” ಎಂದಳು. ನಲವತ್ತಾರು ವರ್ಷದ ನನಗೆ, ನಾನು ಎತ್ತಿ ಆಡಿಸಿದ ಹುಡುಗಿಯ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವುದು ಅಷ್ಟು ಸುಲಭವಾಗಿರಲಿಲ್ಲ. ಕುಳಿತೆ. ನನ್ನ ಎರಡು ಕೈಗಳು ಎರಡು ಬೇರೆ ಕೆಲಸಗಳನ್ನು ಒಟ್ಟಿಗೆ ಮಾಡಲು ಒಪ್ಪುವುದೇ ಇಲ್ಲವೆಂಬುದು ಅರೆ ನಿಮಿಷದಲ್ಲಿ ಗೊತ್ತಾಯಿತು. ಕಡ್ಡಿಯನ್ನು ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ಕರಗಿದ ಗಾಜು ಭೂಮಿಯ ಕಡೆಗೆ ಜೋತುಬೀಳುತ್ತದೆ. ಗಾಜಿನ ಕೋಲನ್ನು ನೋಡಿದರೆ ಕಡ್ಡಿ ನಿಲ್ಲುತ್ತಿತ್ತು, ಕಡ್ಡಿಯನ್ನು ನೋಡಿದರೆ ಕೋಲು ಉರಿಯಿಂದ ಹೊರಗೆ ಹೋಗಿರುತ್ತಿತ್ತು. “ಇನ್ನೂ ಹದ ಬಂದಿಲ್ಲ”, “ಈಗ ಹದ”, “ಅಯ್ಯೋ, ಹದ ಮೀರಿತು” ಎಂದು ಅವಳು ಹಿಂದಿನಿಂದ ಹೇಳುತ್ತಿದ್ದಳು. ನಮ್ಮ ಈ ‘ಹದ’ ಎಂಬ ಮಾತಿಗೆ ಇನ್ನೊಂದು ಭಾಷೆಯಲ್ಲಿ ಸಮನಾದುದನ್ನು ನಾನು ಕಂಡಿಲ್ಲ. ಬಿತ್ತನೆಯ ನೆಲಕ್ಕೆ ಹದವುಂಟು, ಆಲೆಮನೆಯ ಕೊಪ್ಪರಿಗೆಗೆ ಹದವುಂಟು, ಉಂಡೆ ಕಟ್ಟುವ ಪಾಕಕ್ಕೆ ಹದವುಂಟು, ಮಾತಿಗೂ ಉಂಟು. ಒಂದೆಳೆ ಪಾಕವೋ ಎರಡೆಳೆಯೋ ಎಂಬುದನ್ನು ನನ್ನ ತಾಯಿ ಬೆರಳ ತುದಿಗಳ ನಡುವೆ ಹಿಡಿದು ನೋಡಿ ಹೇಳುತ್ತಿದ್ದರು. ಪುಸ್ತಕ ನೋಡಿ ಪಾಕ ಮಾಡಿದ ನನ್ನ ಹೆಂಡತಿಯ ಮೊದಲ ವರ್ಷದ ಉಂಡೆಗಳ ಸುದ್ದಿ ಇಲ್ಲಿ ಬೇಡ.

ಮುಕ್ಕಾಲು ಗಂಟೆಯ ಹೋರಾಟದ ಕೊನೆಗೆ, ಒಂದು ಕಡೆ ಹೊಟ್ಟೆ ಬಂದ ನೀಲಿ ಮಣಿಯೊಂದು ನನ್ನ ಕಡ್ಡಿಯ ಮೇಲೆ ಕುಳಿತಿತ್ತು. ಅದನ್ನು ಪಕ್ಕದ ವಿದ್ಯುತ್ ಕುಲುಮೆಯಲ್ಲಿಡಬೇಕು. ಅಲ್ಲಿ ಐನೂರು ಡಿಗ್ರಿ ಸೆಲ್ಸಿಯಸ್ಸಿಗಿಂತ ಸ್ವಲ್ಪ ಮೇಲಿನ ಕಾವಿನಲ್ಲಿ ಕೆಲ ಕಾಲ ನಿಂತು, ಆಮೇಲೆ ಗಂಟೆಗಟ್ಟಲೆ ನಿಧಾನವಾಗಿ ಆರಬೇಕು. ಮಣಿಯ ಹೊರಮೈ ಬೇಗ ಆರಿ ಗಟ್ಟಿಯಾಗುತ್ತದೆ, ಒಳಗು ಇನ್ನೂ ಬಿಸಿಯಾಗಿರುತ್ತದೆ. ಆ ಒಳಗು ತಣ್ಣಗಾಗುತ್ತ ಕುಗ್ಗಹೊರಟಾಗ ಹೊರಮೈ ಬಿಡುವುದಿಲ್ಲ. ಈ ಎಳೆದಾಟ ಗಾಜಿನೊಳಗೇ ಉಳಿದುಬಿಟ್ಟರೆ ಮಣಿ ಇಂದಲ್ಲ ನಾಳೆ ಬಿರುಕು ಬಿಡುತ್ತದೆ. ಇದನ್ನೆಲ್ಲ ಅವಳು ಹೇಳಿದಳು. ನಾನು ತಲೆದೂಗಿದೆ. ಅವಳು ಕಾಫಿ ತರಲು ಒಳಗೆ ಹೋದಾಗ, ನನ್ನ ಮೊದಲ ಮಣಿಯ ಬಣ್ಣ ನೋಡುವ ಆಸೆಯಿಂದ ಕುಲುಮೆಯ ಬಾಗಿಲು ತೆರೆದು ಕಡ್ಡಿಯನ್ನು ಹೊರಗೆಳೆದು ಹಿಡಿದೆ. ಒಂದು ನಿಮಿಷವೂ ಆಗಿರಲಿಲ್ಲ, ‘ಟಕ್’ ಎಂದಿತು. ಅರ್ಧ ಮಣಿ ನೆಲದ ಮೇಲೆ, ಅರ್ಧ ಕಡ್ಡಿಯ ಮೇಲೆ. ಕಾಫಿ ತಂದವಳು ಏನೂ ಹೇಳದೆ, ಆ ಚೂರನ್ನು ಚಿಮಟದಿಂದ ಎತ್ತಿ, ಕಿಟಕಿಯ ಬಳಿಯಿದ್ದ ಹಳೆಯ ಹಿತ್ತಾಳೆಯ ಬೋಗುಣಿಯೊಂದರಲ್ಲಿ ಹಾಕಿದಳು. ಬೋಗುಣಿ ಮುಕ್ಕಾಲು ತುಂಬಿತ್ತು. ಅವೆಲ್ಲ ಅವಳವೇ.

ನಾನು ಹೇಳಬೇಕೆಂದಿರುವುದು ಆ ಬೋಗುಣಿಯನ್ನು ಕುರಿತೇ. ಆದರೆ ಅದರಲ್ಲಿ ಅಷ್ಟೊಂದು ಚೂರುಗಳು ಏಕೆ ಸೇರಿದವೆಂಬುದನ್ನು ಮೊದಲು ತಿಳಿಸಬೇಕು.

ಅವಳು ಮೊದಲ ವರ್ಷವೆಲ್ಲ ಕಲಿತದ್ದು ಚುಕ್ಕೆಯಿಡುವುದನ್ನು. ಗಾಜಿನ ಕೋಲನ್ನು ಕರಗಿಸಿ ಚಿಮಟದಿಂದ ಎಳೆದರೆ ದಾರದಂಥ ಎಳೆ ಬರುತ್ತದೆ. ಆ ಎಳೆಯ ತುದಿಯಿಂದ ಮಣಿಯ ಮೈಮೇಲೆ ಒಂದೊಂದೇ ಚುಕ್ಕೆಯಿಟ್ಟು, ಚುಕ್ಕೆಯ ಮೇಲೆ ಬೇರೆ ಬಣ್ಣದ ಚುಕ್ಕೆಯಿಟ್ಟು, ಕಾಯಿಸಿ ಸಮಮಾಡಿದರೆ ಕಣ್ಣು ಮೂಡುತ್ತದೆ. ನಮ್ಮ ಮಕ್ಕಳ ಕೈಗೆ ಕಟ್ಟುವ, ಕಪ್ಪಿನ ಮೇಲೆ ಬಿಳಿಯ ಬೊಟ್ಟಿರುವ ದೃಷ್ಟಿಮಣಿಯದೂ ಇದೇ ಜಾತಿ. ಜಪಾನೀಯರು ಇಂಥ ಮಣಿಗೆ ‘ತೊಂಬೊದಾಮ’ ಎನ್ನುತ್ತಾರಂತೆ. ‘ತೊಂಬೊ’ ಎಂದರೆ ನಮ್ಮ ಹುಡುಗರು ಏರೋಪ್ಲೇನ್ ಚಿಟ್ಟೆಯೆನ್ನುವ ಆ ದೊಡ್ಡ ಕಣ್ಣಿನ ಹುಳು. ಗಾಜಿನ ಮಣಿಯ ಪ್ರಾಚೀನತೆಯ ಮಾತೆತ್ತಿದರೆ ದೂರ ಹೋಗಬೇಕಾಗಿಲ್ಲ. ೧೯೧೫ರಲ್ಲಿ ಅಶೋಕನ ಶಾಸನ ದೊರೆತ ನಮ್ಮ ಮಸ್ಕಿಯ ನೆಲದಲ್ಲಿಯೇ ಗಾಜಿನ ಮಣಿಗಳೂ ದೊರೆತಿವೆ. ಶಾಸನವನ್ನು ನಾವು ಪಾಠ ಮಾಡುತ್ತೇವೆ; ಮಣಿಗಳನ್ನು ಮ್ಯೂಸಿಯಮ್ಮಿನವರಿಗೆ ಬಿಟ್ಟಿದ್ದೇವೆ.

ಚುಕ್ಕೆ ಕೈಗೆ ಹತ್ತಿದ ಮೇಲೆ ಅವಳು ಹೊಸದೊಂದಕ್ಕೆ ಕೈಹಾಕಿದಳು: ಬಣ್ಣದ ಮಣಿಯ ಮೇಲೆ ತಿಳಿಗಾಜಿನ ಹೊದಿಕೆ ಹಾಕುವುದು. ಸರಿಯಾಗಿ ಬಂದರೆ ಒಳಗಿನ ಹೂವು ನೀರಿನಲ್ಲಿ ಮುಳುಗಿದಂತೆ ಕಾಣುತ್ತದೆ. ಸರಿಯಾಗಿ ಬರುವುದಿಲ್ಲ, ಕಷ್ಟವಿರುವುದೇ ಅಲ್ಲಿ. ಚುಕ್ಕೆಯಿಡುವವರಿಗೆ ಬೇಕಾದದ್ದು ಸಣ್ಣ ಹನಿ, ಮಿತವಾದ ಕಾವು, ತಾಳ್ಮೆ. ಹೊದಿಕೆ ಹಾಕುವವರಿಗೆ ಬೇಕಾದದ್ದು ದೊಡ್ಡ ಗಡ್ಡೆಯಷ್ಟು ಕರಗಿದ ತಿಳಿಗಾಜು, ಒಂದೇ ಉಸಿರಿನ ವೇಗ. ತಡಮಾಡಿದರೆ ಸುತ್ತುಗಳ ನಡುವೆ ಗಾಳಿ ಸಿಕ್ಕಿಕೊಂಡು ಗುಳ್ಳೆಯೇಳುತ್ತದೆ. ಅವಸರಪಟ್ಟು ಹೆಚ್ಚು ಕಾಯಿಸಿದರೆ ಒಳಗಿನ ಬಣ್ಣ ಕದಡಿ ಹೊರಗೆ ಬರುತ್ತದೆ. ಇದರ ಮೇಲೆ ಗಾಜುಗಳ ಜಾತಿಮತಗಳು ಬೇರೆ. ಕಾದಾಗ ಹಿಗ್ಗುವ ಪ್ರಮಾಣ ಒಂದೇ ಆಗಿಲ್ಲದ ಎರಡು ಗಾಜುಗಳನ್ನು ಬೆಸೆದರೆ ಅವು ಉರಿಯಲ್ಲಿ ಒಂದಾದಂತೆ ನಟಿಸಿ, ಆರಿದ ಮೇಲೆ ಬೇರೆಯಾಗುತ್ತವೆ. ಮುರಾನೊದಿಂದ ಬರುವ ಮೆದು ಗಾಜಿಗೆ ೧೦೪ ಎಂಬ ಅಂಕೆಯಾದರೆ, ಪ್ರಯೋಗಶಾಲೆಯ ಕೊಳವೆಗಳ ಬೋರೊಸಿಲಿಕೇಟ್ ಗಾಜಿಗೆ ೩೩. ಇವೆರಡಕ್ಕೆ ಸಂಬಂಧ ಕೂಡದು. ದಂತದ ಬಣ್ಣದ ಗಾಜಿನ ಪಕ್ಕದಲ್ಲಿ ಹಸಿರುನೀಲಿಯನ್ನಿಟ್ಟರೆ, ಒಂದರ ಗಂಧಕವೂ ಇನ್ನೊಂದರ ತಾಮ್ರವೂ ಕೂಡಿ ನಡುವೆ ಕಾಡಿಗೆಯ ಗೆರೆಯಂಥದು ತಾನಾಗಿ ಮೂಡುತ್ತದೆ. ಇದನ್ನು ಮೊದಲು ಕಂಡಾಗ ಅವಳು ತಪ್ಪೆಂದು ತಿಳಿದು ಬೋಗುಣಿಗೆ ಹಾಕಿದ್ದಳು. ಈಗ ಬೇಕೆಂದೇ ಮಾಡುತ್ತಾಳೆ.

“ಹೊಸತನ್ನು ಕಲಿಯುವಾಗ ಕಷ್ಟವಾದದ್ದು ಯಾವುದಮ್ಮ?” ಎಂದು ಕೇಳಿದೆ. “ಹಳೆಯದು ಮಾವ” ಎಂದಳು. ಚುಕ್ಕೆಗೆ ಒಗ್ಗಿದ ಅವಳ ಕೈ ಹೊದಿಕೆ ಹಾಕುವಾಗಲೂ ಅಂಜಿ ಅಂಜಿ ಮುಟ್ಟುತ್ತಿತ್ತಂತೆ. ಮೂರು ತಿಂಗಳು ಒಂದು ಮಣಿಯೂ ಸರಿಬರಲಿಲ್ಲ. ಅಷ್ಟೇ ಅಲ್ಲ, ನಡುವೆ ಹಳೆಯ ಚುಕ್ಕೆಗಳೂ ಕೆಟ್ಟವು. ಚೆನ್ನಾಗಿ ಬರುತ್ತಿದ್ದ ವಿದ್ಯೆಯೂ ಕೈಬಿಟ್ಟಿತೆಂದು ಒಂದು ರಾತ್ರಿ ಅತ್ತಳೆಂಬುದನ್ನು ಅಕ್ಕ ಆಮೇಲೆ ಹೇಳಿದಳು. ನಾವು ವಿದ್ಯೆಯನ್ನು ಕಣಜಕ್ಕೆ ತುಂಬುವ ಭತ್ತವೆಂದು ತಿಳಿದಿದ್ದೇವೆ. ಮೇಲೆ ಸುರಿದಷ್ಟೂ ಹೆಚ್ಚುತ್ತದೆಂದು. ಕೈಯ ವಿದ್ಯೆ ಹಾಗಲ್ಲವೆಂಬುದು ನನಗೆ ಅಂದು ತಿಳಿಯಿತು. ಬುದ್ಧಿಯ ವಿದ್ಯೆಯೂ ಹಾಗಲ್ಲವೇನೋ. ನಮ್ಮಲ್ಲಿ ಬಹುಪಾಲು ಜನ ನೌಕರಿ ಖಾಯಂ ಆದ ಮೇಲೆ ಹೊಸದಕ್ಕೆ ಕೈಹಾಕುವುದಿಲ್ಲವಾದ್ದರಿಂದ ಅದು ಗೊತ್ತಾಗುವ ಸಂದರ್ಭ ಬರುವುದಿಲ್ಲ.

ಈ ಕಲೆಯ ತವರೆಂದು ಲೋಕ ಹೆಸರಿಸುವ ವೆನಿಸ್ಸಿನಲ್ಲಿ ಹೊಸ ತಂತ್ರವೆಂದರೆ ರಾಜ್ಯದ ಗುಟ್ಟಾಗಿತ್ತು. ನಗರಕ್ಕೆ ಬೆಂಕಿ ಬಿದ್ದೀತೆಂದು ೧೨೯೧ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಿಸಿದರು. ಕುಶಲಿಗಳು ಗಣರಾಜ್ಯವನ್ನು ಬಿಟ್ಟು ಹೋಗುವುದನ್ನೂ ನಿಷೇಧಿಸಿದರು. ಅಲ್ಲಿನ ಮಣಿಗಳು ಹಡಗು ಹತ್ತಿ ಆಫ್ರಿಕಾ, ಅಮೆರಿಕಗಳವರೆಗೆ ಹೋದವು. ಮನುಷ್ಯರನ್ನು ಕೊಳ್ಳುವ ವ್ಯಾಪಾರದಲ್ಲಿಯೂ ನಾಣ್ಯದಂತೆ ಕೈಬದಲಾದವು ಎಂಬುದನ್ನು ಮಣಿಯ ಅಂದವನ್ನು ಹೊಗಳುವಾಗ ಮರೆಯಬಾರದು. ಮುಂದೆ ಹತ್ತೊಂಬತ್ತನೆಯ, ಇಪ್ಪತ್ತನೆಯ ಶತಮಾನಗಳಲ್ಲಿ ದೀಪದ ಮುಂದೆ ಕುಳಿತು ಮಣಿ ಮಾಡಿದವರಲ್ಲಿ ಹೆಂಗಸರು ಬಹಳ. ಅವರನ್ನು ‘ಪೆರ್ಲೆರೆ’ ಎಂದರು. ಮಣಿಗಳನ್ನು ದಾರಕ್ಕೆ ಪೋಣಿಸುವ ಹೆಂಗಸರನ್ನು ‘ಇಂಪಿರಾರೆಸ್ಸೆ’ ಎಂದರು. ಮಡಿಲಲ್ಲಿ ಮರದ ತಟ್ಟೆ, ಕೈಯಲ್ಲಿ ಉದ್ದನೆಯ ಸೂಜಿಗಳ ಬೀಸಣಿಗೆ, ಮನೆಯ ಹೊಸ್ತಿಲಲ್ಲಿ ಕುಳಿತು ಹರಟೆ, ಕೂಲಿ ಅತ್ಯಲ್ಪ. ಹಾಗೆ ದುಡಿದ ಅವರ ಹೆಸರುಗಳು ಉಳಿದಿರುವುದು ಅಪರೂಪ. ೨೦೨೦ರಲ್ಲಿ ಯುನೆಸ್ಕೊ ಸಂಸ್ಥೆಯು ಇಟಲಿ ಮತ್ತು ಫ್ರಾನ್ಸುಗಳ ಗಾಜಿನ ಮಣಿಯ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಪಟ್ಟಿಗೆ ಸೇರಿದ್ದು ಕಲೆ. ಕೂಲಿಯ ಮಾತು ಪಟ್ಟಿಗೆ ಹೊರಗಿನದು.

ಗುಟ್ಟಿನ ಕಾಲ ಕಳೆದಿದೆ. ಅಮೆರಿಕದ ಹವ್ಯಾಸಿಗಳೂ ಕಲಾವಿದರೂ ೧೯೯೩ರಲ್ಲಿ ಗಾಜಿನ ಮಣಿ ಮಾಡುವವರ ಸಂಘವೊಂದನ್ನು ಕಟ್ಟಿಕೊಂಡರು. ಬಲ್ಲದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡುವುದೇ ಅಲ್ಲಿನ ರೂಢಿಯಾಯಿತು. ನನ್ನ ಸೊಸೆ ಹೊದಿಕೆ ಹಾಕುವುದನ್ನು ಕಲಿತದ್ದೂ ಎಂದೂ ಕಂಡಿರದ ಯಾರೋ ಹೆಂಗಸೊಬ್ಬಳು ತನ್ನ ಕೈಗಳನ್ನು ಚಿತ್ರೀಕರಿಸಿ ಲೋಕಕ್ಕೆಲ್ಲ ತೋರಿಸಿದ್ದರಿಂದ. ಮುರಾನೊದ ಕಾವಲುಗಾರರು ಕಂಡಿದ್ದರೆ ಎದೆಯೊಡೆದುಕೊಳ್ಳುತ್ತಿದ್ದರು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ, ತಂತ್ರವು ಎಲ್ಲರಿಗೂ ತೆರೆದಿದೆಯಾದ್ದರಿಂದ ಕಲಿಕೆಯೂ ಎಲ್ಲರಿಗೂ ತೆರೆದಿದೆಯೆಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಅದಕ್ಕೆ ಕಾರಣ ಕಾಶಿಯಲ್ಲಿ ಕಂಡ ಒಬ್ಬ ಮನುಷ್ಯ.

ಕೆಲವು ವರ್ಷಗಳ ಹಿಂದೆ ತಾಯಿಯವರನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ವಾರಾಣಸಿಯ ಗಾಜಿನ ಮಣಿಗೆ ಹೆಸರುಂಟು. ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ತಾಯಿಗೆ ಕರಿಮಣಿ ಕೊಳ್ಳುವ ಆಸೆ. ಅಂಗಡಿಯವನು ಗಲ್ಲಿಯೊಂದರಲ್ಲಿ ಮಣಿ ಮಾಡುವವನ ಮನೆಗೇ ನಮ್ಮನ್ನು ಕಳುಹಿಸಿದ. ಅರುವತ್ತರ ಆಸುಪಾಸಿನ ಮನುಷ್ಯ, ಬಾಗಿಲ ಬಳಿ ಉರಿಯ ಮುಂದೆ ಕುಳಿತು, ಹಸಿರು ಮಣಿಯ ಮೇಲೆ ಗುಲಾಬಿ ಹೂವೊಂದನ್ನು ಇಡುತ್ತಿದ್ದ. ಮೂರು ಸಲ ಎಳೆಯನ್ನು ಮುಟ್ಟಿಸಿದರೆ ಹೂವು. ನಾನು ನೋಡುತ್ತಿದ್ದ ಹತ್ತು ನಿಮಿಷದಲ್ಲಿ ಅವನ ಕೈ ಒಮ್ಮೆಯೂ ತಡವರಿಸಲಿಲ್ಲ. ಕಣ್ಣನ್ನು ನಮ್ಮ ಮೇಲಿಟ್ಟು ಮಾತಾಡುತ್ತಲೇ ಹೂವಿಟ್ಟ. ಅಂಥ ಕೈಯನ್ನು ಬೆಂಗಳೂರಿನ ಕೋಣೆಯಲ್ಲಿ ಮಣಿ ಮಾಡುವವರು ಜನ್ಮವೆಲ್ಲ ದುಡಿದರೂ ಪಡೆಯಲಾರರು. ಎಷ್ಟು ವರ್ಷದಿಂದ ಈ ಹೂವೆಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಹುಡುಗನಾಗಿದ್ದಾಗಿನಿಂದ, ಎಂದ. ಬೇರೆ ಬಗೆಯದನ್ನು ಮಾಡಿ ನೋಡಲಿಲ್ಲವೆ, ಎಂದೆ. ಅವನು ನಕ್ಕು ಹೇಳಿದ್ದು ಇಷ್ಟು: “ಬಾಬೂಜಿ, ಎಣಿಸಿ ಕೊಟ್ಟರೆ ಕೂಲಿ. ಹೊಸದನ್ನು ಮಾಡಲು ಹೋಗಿ ಹತ್ತು ಒಡೆದರೆ ಹತ್ತರ ಕೂಲಿಯೂ ಹೋಯಿತು, ಗಾಜಿನ ದುಡ್ಡೂ ಹೋಯಿತು. ಒಡೆಯುವುದಕ್ಕೆ ನಮ್ಮ ಹತ್ತಿರ ಎಲ್ಲಿದೆ?”

ಆಗ ಇದು ನನಗೆ ಬಡವನ ಸಾಧಾರಣ ಮಾತಾಗಿ ಕೇಳಿಸಿತ್ತು. ಹಿತ್ತಾಳೆಯ ಬೋಗುಣಿಯನ್ನು ಕಂಡ ಮೇಲೆ ಅದರ ಅರ್ಥ ತಿಳಿಯಿತು. ನನ್ನ ಸೊಸೆಯ ಬೋಗುಣಿಗೆ ಅವಳ ಕಚೇರಿಯ ಸಂಬಳ ಆಧಾರ. ಒಡೆದ ಮಣಿಯೊಂದೊಂದೂ ಅವಳಿಗೆ ಪಾಠ. ಅವನಿಗೆ ಅದೇ ಮಣಿ ಮಕ್ಕಳ ಹಾಲಿನ ದುಡ್ಡು. ಹೆಚ್ಚು ಕುಶಲನಾದವನಿಗೆ ಕಲಿಯುವ ದಾರಿ ಮುಚ್ಚಿದೆ, ಕಡಿಮೆ ಕುಶಲಳಾದವಳಿಗೆ ತೆರೆದಿದೆ. ಚೀನದಿಂದ ಅಗ್ಗದ ಮಣಿಗಳು ಬಂದು ಪೇಟೆ ತುಂಬಿವೆ, ಯಂತ್ರಗಳು ಮಾಡಿದ್ದನ್ನೇ ಮಾಡಿದರೆ ಕೈಯಿಂದ ಮಾಡುವವನು ಬದುಕಲಾರ, ಅವನು ಹೊಸದನ್ನು ಕಲಿಯಬೇಕು ಎಂದು ತಿಳಿದವರು ಬೋಧಿಸುತ್ತಾರೆ. ಬೋಧೆ ಸರಿಯೇ. ಆ ಹೊಸದನ್ನು ಕಲಿಯುವ ಮೂರು ತಿಂಗಳು ಅವನ ಒಲೆ ಉರಿಯುವ ಬಗೆಯನ್ನು ಮಾತ್ರ ಅವರು ಹೇಳುವುದಿಲ್ಲ. ಸಂಪ್ರದಾಯಸ್ಥ ಕುಶಲಿಗಳು ಹೊಸತಿಗೆ ಅಂಜುತ್ತಾರೆ, ಅವರದು ಜಡ ಸ್ವಭಾವ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ, ನಾನೇ ಆಡಿದ್ದೇನೆ. ಅದು ಸ್ವಭಾವವಲ್ಲ, ಲೆಕ್ಕ.

ಸರ್ಕಾರಗಳು ಏನೂ ಮಾಡುತ್ತಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ೨೦೨೩ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ದಿನಗಳಿಗೆ ದಿನಕ್ಕೆ ೫೦೦ ರೂಪಾಯಿ ಭತ್ಯೆ ಕೊಡುತ್ತಾರೆ. ಕಲಿಯುವ ದಿನವೂ ದುಡಿಮೆಯ ದಿನವೇ ಎಂಬ ತತ್ವವನ್ನು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಮೊದಲ ತರಬೇತಿ ೫ರಿಂದ ೭ ದಿನ. ಮುಂದಿನದು ೧೫ ದಿನ ಅಥವಾ ಸ್ವಲ್ಪ ಹೆಚ್ಚು. ಹದಿನೈದು ದಿನದಲ್ಲಿ ತಂತ್ರವನ್ನು ತೋರಿಸಬಹುದು, ಕೈಗೆ ಹತ್ತಿಸಲಾಗದು. ಇನ್ನು ಆ ಯೋಜನೆ ಆರಂಭದಲ್ಲಿ ಹೆಸರಿಸಿದ ೧೮ ಕಸುಬುಗಳಲ್ಲಿ ಅಕ್ಕಸಾಲಿಗನಿದ್ದಾನೆ, ಕುಂಬಾರನಿದ್ದಾನೆ, ಹೂಮಾಲೆ ಕಟ್ಟುವವನಿದ್ದಾನೆ; ಗಾಜಿನ ಮಣಿ ಮಾಡುವವನಿಲ್ಲ. ರತ್ನಕ್ಕೂ ಹೂವಿಗೂ ನಡುವೆ ಗಾಜು ಮತ್ತೆ ಜಾರಿಹೋಯಿತು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಈ ಕಸುಬು ಉಳಿಯಬೇಕೆಂಬ ಆಸೆ ನಿಜವಾಗಿದ್ದರೆ, ಒಳ್ಳೆಯ ಮಣಿಗೆ ಬೆಲೆ ಕೊಟ್ಟರೆ ಸಾಲದು, ಒಡೆದ ಮಣಿಗೂ ಬೆಲೆ ಕೊಡಬೇಕು. ಹೊಸ ಮಾದರಿಯನ್ನು ಕೇಳುವ ರಫ್ತುದಾರನು ಆ ಮಾದರಿ ಕೈಗೆ ಬರುವವರೆಗಿನ ದಿನಗಳ ಕೂಲಿಯನ್ನೂ ಹಾಳಾದ ಗಾಜಿನ ಬೆಲೆಯನ್ನೂ ಹೊರಬೇಕು. ಈಗ ಅದನ್ನು ಕುಶಲಿಯೇ ಹೊರುತ್ತಾನೆ. ಮಾದರಿ ಗೆದ್ದರೆ ಲಾಭ ರಫ್ತುದಾರನಿಗೆ. ಸರ್ಕಾರದ ಭತ್ಯೆಯು ದಿನಗಳನ್ನು ಎಣಿಸುವ ಬದಲು ಚೂರುಗಳನ್ನು ತೂಗಿ ಕೊಡುವಂತಾಗಲಿ ಎಂದರೆ ನಕ್ಕಾರು. ಮೋಸ ಮಾಡುವವರು ಬೇಕೆಂದೇ ಒಡೆದು ತರುವುದಿಲ್ಲವೆ, ಎಂದು ನನ್ನ ಅರ್ಥಶಾಸ್ತ್ರದ ಸ್ನೇಹಿತರು ಕೇಳಿದರು. ತರಬಹುದು. ಹಾಜರಿ ಪುಸ್ತಕಕ್ಕೆ ಸಹಿ ಮಾಡಿ ಮನೆಗೆ ಹೋಗುವವರೂ ಇದ್ದಾರೆ. ಆ ಭಯದಿಂದ ನಾವು ಕಾಲೇಜುಗಳನ್ನು ಮುಚ್ಚಲಿಲ್ಲ.

ಕಾಲೇಜಿನ ಮಾತು ಬಂದುದರಿಂದ ಒಂದು ಸಂಗತಿ. ನಮ್ಮ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳಲ್ಲಿ ಪ್ರಯೋಗದ ಗಾಜಿನ ಉಪಕರಣಗಳನ್ನು ಉರಿಯಲ್ಲಿ ಬಾಗಿಸಿ, ಊದಿ, ಬೆಸೆದು ಕೊಡುವ ಕುಶಲಿಯೊಬ್ಬನಿರುವ ಪದ್ಧತಿಯುಂಟು. ಅವನದೂ ಇದೇ ದೀಪದ ವಿದ್ಯೆ. ನಾನು ಓದಿದ ಕಡೆಯೂ ಅಂಥ ಒಬ್ಬರಿದ್ದರು; ಡಾಕ್ಟರೇಟು ಪಡೆದವರೆಲ್ಲ ಅವರ ಬಾಗಿಲಲ್ಲಿ ಕಾಯುತ್ತಿದ್ದರು. ನಾವು ಕನ್ನಡದ ಹುಡುಗರು ಅವರ ಕೋಣೆಯ ಮುಂದೆ ದಿನವೂ ಹಾದುಹೋದೆವು. ಒಮ್ಮೆಯೂ ಒಳಗೆ ಇಣುಕಲಿಲ್ಲ. ಇಂದಿನ ಹುಡುಗರನ್ನು ದೂರಿ ಏನು ಪ್ರಯೋಜನ? ಒಂದು ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ಅಂಕ ಹೋಗುವ, ಬರೆಯದೆ ಬಿಟ್ಟರೂ ಅಂಕ ಹೋಗುವ, ಗೈಡು ನೋಡಿ ಬರೆದರೆ ಮಾತ್ರ ಅಂಕ ನಿಲ್ಲುವ ವ್ಯವಸ್ಥೆಯಲ್ಲಿ ಅವರ ಸ್ಥಿತಿಯೂ ಕಾಶಿಯ ಆ ಮನುಷ್ಯನದೇ. ಹೂವೊಂದನ್ನು ಕಲಿತು ಅದನ್ನೇ ಇಡುತ್ತಾರೆ.

ಆಮೇಲೆ ನಾನು ಬೆಂಗಳೂರಿಗೆ ನಾಲ್ಕು ಸಲ ಹೋಗಿಬಂದೆ. ನೆಪ ಹೇಳುವುದನ್ನು ಬಿಟ್ಟಿದ್ದೇನೆ. ಹೊಸ ವಿದ್ಯಾರ್ಥಿ ಬಂದನೆಂದು ಅಕ್ಕ ಬಾಗಿಲಲ್ಲೇ ಹಾಸ್ಯ ಮಾಡುತ್ತಾಳೆ. ನನ್ನ ಪಾಲಿಗೆಂದು ಈಗ ಬೇರೊಂದು ಡಬ್ಬಿಯಿದೆ, ಅದರಲ್ಲಿ ಹನ್ನೊಂದು ಒಡೆದ ಮಣಿಗಳಿವೆ. ಹನ್ನೆರಡನೆಯದು ಒಡೆಯಲಿಲ್ಲ. ಕಪ್ಪು ಮಣಿ, ಅದರ ಮೇಲೆ ಐದು ಬಿಳಿಯ ಚುಕ್ಕೆ, ಮೂರು ದುಂಡಗಿವೆ. ರಾತ್ರಿಯೆಲ್ಲ ಕುಲುಮೆಯಲ್ಲಿ ಆರಿತು. ಬೆಳಗ್ಗೆ ನಾನೇ ಕಡ್ಡಿಯಿಂದ ಬಿಡಿಸಿ, ಕಾಗದದಲ್ಲಿ ಸುತ್ತಿ, ಮೈಸೂರಿಗೆ ತಂದು, ಸೋಮವಾರ ಮೊದಲನೆಯ ಅವಧಿಯಲ್ಲಿ ಆ ಹುಡುಗಿಯನ್ನು ಕರೆದು ಕೈಯಲ್ಲಿಟ್ಟೆ. ಅಂದು ನೀನು ಕೇಳಿದ ಪ್ರಶ್ನೆಗೆ ಉತ್ತರ ನನಗೆ ತಿಳಿದಿರಲಿಲ್ಲ, ಈಗ ಹೇಳುತ್ತೇನೆ ಎಂದು ಕಡ್ಡಿಯ ಸಂಗತಿಯನ್ನೂ ಮಣ್ಣಿನ ಲೇಪವನ್ನೂ ತರಗತಿಗೆಲ್ಲ ವಿವರಿಸಿದೆ. ಅವಳು ಮಣಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿದಳು.

“ಸಾರ್, ಒಳಗೆ ಮಣ್ಣು ಹಾಗೇ ಇದೆ. ದಾರ ಹೋಗುವುದಿಲ್ಲ” ಎಂದಳು.

ನೀರಿನಲ್ಲಿ ನೆನೆಸಿ, ತೆಳ್ಳನೆಯ ಅರದಿಂದ ತೂತನ್ನು ಉಜ್ಜಿ ತೊಳೆಯಬೇಕೆಂದು ಸೊಸೆ ಹೇಳಿದ್ದಳು. ಆ ಅರವನ್ನು ತರಲು ಮರೆತಿದ್ದೆ. ಯಾರೋ ಒಬ್ಬ ಹುಡುಗ ತನ್ನ ಪೆಟ್ಟಿಗೆಯಿಂದ ಸೂಜಿಯೊಂದನ್ನು ತೆಗೆದುಕೊಟ್ಟ. ಉಳಿದ ಪಾಠ ಮುಂದಿನ ಅವಧಿಗೆ ಹೋಯಿತು.